ನಾಲ್ಕನೆಯ ಹಾಜರಿ

ನಮ್ಮೂರಿನ ಶಾಲೆಯಲ್ಲಿ ಹೆಸರು ಕೂಗಿದ ಮೇಲೆ ಉತ್ತರ ಬಾರದೆ ಇರುವುದಿಲ್ಲ. ಮಗು ಬಂದಿದ್ದರೆ "ಹಾಜರ್ ಸಾರ್" ಎಂದು ಮಗು ಹೇಳುತ್ತದೆ. ಬಾರದಿದ್ದರೆ ಅದು ಕೂರುವ ಜಾಗ ಹೇಳುತ್ತದೆ. ಅದಕ್ಕೇ ನಮ್ಮ ಮೇಷ್ಟ್ರುಗಳು ಹಾಜರಿ ತೆಗೆಯುವಾಗ ಪುಸ್ತಕದಿಂದ ತಲೆ ಎತ್ತುವುದಿಲ್ಲ. ಮೊದಲ ದಿನ ಆ ಉತ್ತರ ಬರಿಯ ಉಸಿರಿನ ಹಾಗೆ, ಪಕ್ಕದಲ್ಲಿ ಕೂತ ಮಗುವಿಗೆ ಮಾತ್ರ ಕೇಳುತ್ತದೆ. ಎರಡನೆಯ ದಿನ ಹಿಂದಿನ ಬೆಂಚಿಗೂ ಕೇಳುತ್ತದೆ. ಮೂರನೆಯ ದಿನ ಅದು ಥೇಟು ಆ ಮಗುವಿನದೇ ದನಿ. ಹೆತ್ತವಳು ಕೇಳಿದರೂ ಮೋಸ ಹೋಗಬೇಕು. ಅಲ್ಲಿಯವರೆಗೆ ಚಿಂತೆಯಿಲ್ಲ. ಮಗು ಹಿಂದಿರುಗಿ ತನ್ನ ಜಾಗದಲ್ಲಿ ಕೂತರೆ ಎಲ್ಲ ಸರಿಹೋಗುತ್ತದೆ. ನಾಲ್ಕನೆಯ ದಿನಕ್ಕೆ ಮಾತ್ರ ಬಿಡಬಾರದು.

ಹೀಗಾಗಿ ನಮ್ಮೂರಿನಲ್ಲಿ ಮದುವೆ, ಹರಕೆ, ನೆಂಟರ ಮನೆ, ಊರು ಸುತ್ತುವುದು ಎಲ್ಲವೂ ಏಪ್ರಿಲ್, ಮೇ ತಿಂಗಳಲ್ಲೇ. ಜ್ವರ ಬಂದ ಮಗುವನ್ನು ಕಂಬಳಿ ಸುತ್ತಿ ಹೊತ್ತು ತಂದು, ಹಾಜರಿ ಹೇಳಿಸಿ, ಹಾಗೇ ಮನೆಗೆ ಒಯ್ಯುತ್ತಾರೆ. ಮೈಮೇಲೆ ಅಮ್ಮ ಎದ್ದ ಮಕ್ಕಳು ಬೇವಿನ ಸೊಪ್ಪು ಹಿಡಿದು ಕಿಟಕಿಯ ಹೊರಗೆ ನಿಂತು ಕೂಗಿ ಹೋಗುತ್ತವೆ. ಸಂಬಂಧ ನೋಡಲು ಬಂದ ಹೊರಗಿನವರು ಇದನ್ನೆಲ್ಲ ಕಂಡು, "ನಿಮ್ಮೂರಲ್ಲಿ ವಿದ್ಯೆಗೆ ಎಂಥ ಮರ್ಯಾದೆ!" ಎಂದು ಹೊಗಳುತ್ತಾರೆ. ನಾವು ಹೌದು ಹೌದು ಎಂದು ಕಾಫಿ ಕೊಟ್ಟು ಕಳಿಸುತ್ತೇವೆ.

ನಾನು ಈ ಊರಿನ ಟೈಲರ್. ಮಲ್ಲೇಶಿ ಎಂದು ಹೆಸರು. ಶಾಲೆಯ ಎದುರು ಸಾಲಿನಲ್ಲೇ ನನ್ನ ಅಂಗಡಿ. ಊರಿನ ಅಷ್ಟೂ ಮಕ್ಕಳ ಸಮವಸ್ತ್ರ ಹೊಲಿಯುವವನು ನಾನೊಬ್ಬನೇ. ಅಂದರೆ ಊರಿಗೂರೇ ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಹೊರಡುವ ಬೇಸಿಗೆಯಲ್ಲಿ ನನಗೆ ಮೆಷಿನ್ನಿನ ಮೇಲಿಂದ ಕಾಲು ತೆಗೆಯಲು ಪುರುಸೊತ್ತಿಲ್ಲ. ದಸರೆಯ ರಜದಲ್ಲಿ ಹಬ್ಬದ ಬಟ್ಟೆ. ನನಗೆ ಬಿಡುವು ಸಿಗುವುದು ಸಂಕ್ರಾಂತಿ ಕಳೆದ ಮೇಲೆ, ಆಗ ಶಾಲೆಗೆ ಬಿಡುವಿಲ್ಲ. ನನ್ನ ಒಬ್ಬಳೇ ಮಗಳು ನೀಲವೇಣಿ, ನಾವು ವೇಣಿ ಅನ್ನುತ್ತೇವೆ, ನಾಲ್ಕನೇ ಕ್ಲಾಸಿಗೆ ಬಂದರೂ ಊರ ಗಡಿ ದಾಟಿರಲಿಲ್ಲ. ಜೂನಿನಲ್ಲಿ ಉಳಿದ ಮಕ್ಕಳು ಬೆಟ್ಟ ಹತ್ತಿದೆ, ಜಲಪಾತ ನೋಡಿದೆ ಎಂದು ಹೇಳುವಾಗ ಇವಳು ಎದ್ದು ನಿಂತು, "ನಮ್ಮಪ್ಪ ಎರಡು ಸಾವಿರ ಗುಂಡಿ ಹಾಕಿದ" ಅಂದಿದ್ದಳಂತೆ. ಮನೆಗೆ ಬಂದು ಅದನ್ನು ನಗುತ್ತ ಹೇಳಿದವಳೂ ಅವಳೇ. ನನಗೆ ನಗು ಬರಲಿಲ್ಲ.

ನನ್ನ ಹೆಂಡತಿ ಸರ್ವಮಂಗಳೆ ಒಂದು ಸಂಜೆ ಹುರುಳಿಕಾಯಿ ಮುರಿಯುತ್ತ ಕೂತಿದ್ದವಳು, "ರೀ, ಅವಳಿಗೆ ಸಮುದ್ರ ತೋರಿಸ್ಬೇಕು. ದೊಡ್ಡವಳಾದ್ಮೇಲೆ ಇನ್ಯಾರ ಜೊತೇಲೋ ನೋಡ್ತಾಳೆ, ಅದು ಬೇರೆ. ನಮ್ಮ ಜೊತೆ ನೋಡ್ಬೇಕು" ಅಂದಳು. ಇನ್ನೊಂದು ಕಾಯಿ ಮುರಿದು, "ನಾನೂ ನೋಡಿಲ್ಲ" ಅಂದಳು.

ನಾನು ದಿನಗಳನ್ನು ಬೆರಳ ಮೇಲೆ ಎಣಿಸಿದೆ. ಗುರುವಾರ ಹಾಜರಿ ಹೇಳಿಸಿ ಹತ್ತೂವರೆಯ ಬಸ್ಸು ಹಿಡಿದರೆ ಶುಕ್ರವಾರ ಬೆಳಗ್ಗೆ ಕಡಲು. ಶುಕ್ರವಾರ ಒಂದು, ಶನಿವಾರ ಎರಡು, ಭಾನುವಾರ ಶಾಲೆಯಿಲ್ಲ, ಸೋಮವಾರ ಮೂರು. ಸೋಮವಾರ ಹನ್ನೊಂದರ ಬಸ್ಸಿಗೆ ಅಲ್ಲಿಂದ ಹೊರಟರೆ ಮಂಗಳವಾರ ಗಂಟೆ ಹೊಡೆಯುವ ಮೊದಲೇ ಊರು. ವೇಣಿಯ ಮೇಷ್ಟ್ರು ಜವರಯ್ಯನವರಿಗೆ ಹೇಳಲು ಹೋದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಮೂರು ದಿನ ತಾನೆ, ಹೋಗಿ ಬಾ. ನಾನೇನೂ ಬೇಡ ಅನ್ನಲ್ಲ. ಆದ್ರೆ ಮಂಗಳವಾರ ಅವಳು ಬೆಂಚಲ್ಲಿರ್ಬೇಕು ಮಲ್ಲೇಶಿ. ನಿನ್ ಮುಖ ನೋಡಿ ಹೆಸರು ಕೂಗ್ದೆ ಬಿಡಕ್ಕಾಗಲ್ಲ ನನಗೆ. ಕೂಗೋದೇ ನನ್ ಕೆಲಸ."

ನನ್ನ ಅಂಗಡಿಯ ಮೆಟ್ಟಿಲ ಮೇಲೆ ಹೂವು ಮಾರುವ ಗೌರಕ್ಕನೂ ಹೇಳಿದಳು. ಅವಳ ಮಗ ಚಿಕ್ಕವನಿದ್ದಾಗ ಹನ್ನೊಂದು ದಿನ ಅಜ್ಜಿಯ ಊರಲ್ಲಿ ಉಳಿದುಬಿಟ್ಟಿದ್ದ. ಬಂದ ಮೇಲೆ ತಿಪ್ಪೇಶಿ ಎಂದು ಕೂಗಿದರೆ ತಿರುಗಿ ನೋಡುತ್ತಿರಲಿಲ್ಲ. ಸೋಮು ಎಂದು ಹೊಸ ಹೆಸರಿಟ್ಟರು, ಅದಕ್ಕೆ ಓಗೊಟ್ಟ. ಈಗ ಅವನಿಗೆ ಮೂವತ್ತೆಂಟು, ಎರಡು ಮಕ್ಕಳ ತಂದೆ, ಏನೂ ಕೊರತೆಯಿಲ್ಲ. ತಿಪ್ಪೇಶಿ ಅನ್ನುವುದು ಮಾತ್ರ ಶಾಲೆಯಲ್ಲೇ ಉಳಿದು, ಒಂದೊಂದೇ ಕ್ಲಾಸು ಪಾಸಾಗಿ ಏಳನೆಯದನ್ನು ಮುಗಿಸಿತು. ಟಿ.ಸಿ. ತೆಗೆದುಕೊಂಡು ಹೋಗಲು ಯಾರೂ ಬರಲಿಲ್ಲ. "ಹಬ್ಬದ ದಿನ ಒಂದೊಂದ್ಸಲ ಸ್ಕೂಲ್ ಗೇಟಿನ ಹತ್ರ ಒಂದು ಮೊಳ ಹೂವಿಟ್ಟು ಬರ್ತೀನಪ್ಪ" ಅಂದಳು ಗೌರಕ್ಕ. "ಹೆತ್ತಿಲ್ಲ ನಿಜ. ಆದ್ರೂ ನಾನಿಟ್ಟ ಹೆಸರಲ್ವಾ ಅದು?"

ಹೋದೆವು. ವೇಣಿಗೆಂದು ಹಳದಿ ಬಟ್ಟೆಯಲ್ಲಿ ಒಂದು ಫ್ರಾಕು ಹೊಲಿದಿದ್ದೆ. ಬಸ್ಸು ಕೊನೆಯ ತಿರುವು ಇಳಿಯುವಾಗ ಮೊದಲು ಮೀನಿನ ವಾಸನೆ ಬಂತು, ಆಮೇಲೆ ತೆಂಗಿನ ಮರಗಳ ನಡುವೆ ಬಿಳಿಯ ಗೆರೆಯೊಂದು ಎದ್ದು ಬಿತ್ತು. ವೇಣಿ ಬಾಯಿ ತೆರೆದವಳು ಮುಚ್ಚಲಿಲ್ಲ. ದೋಣಿಯವನೊಬ್ಬನ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಅವನ ಹೆಂಡತಿ ಗಂಜಿ, ಹುರಿದ ಮೀನು ಕೊಟ್ಟಳು. ಕೈಚೀಲ ಇಟ್ಟವರೇ ನೀರಿಗೆ ಓಡಿದೆವು. ಅಂಚಿನಲ್ಲಿ ನಿಂತಾಗ ಅಲೆ ಹಿಂದೆ ಸರಿಯುತ್ತ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡಿತು. ವೇಣಿ ಹೆದರಿ ಕಿರುಚಿ ನನ್ನ ಕಿರುಬೆರಳು ಹಿಡಿದುಕೊಂಡಳು. ಇನ್ನೊಂದು ಅಲೆ ಬಂತು. ಆಮೇಲೆ ಬಿಡು ಎಂದರೂ ಅವಳು ನೀರು ಬಿಡಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ, ಆಟದ ನಡುವೆ, ಅವಳು ತಟ್ಟನೆ ನೆಟ್ಟಗೆ ನಿಂತು "ಹಾಜರ್ ಸಾರ್" ಅಂದಳು. ಕಡಲಿನ ಕಡೆಗೆ ಮುಖ ಮಾಡಿ, ಗಟ್ಟಿಯಾಗಿ. ಆಮೇಲೆ ಏನೂ ಆಗದವಳಂತೆ ಮರಳಿನಲ್ಲಿ ಕೂತು ಗುಂಡಿ ತೋಡತೊಡಗಿದಳು. ನಾನು, ಮಂಗಳೆ ಮುಖ ಮುಖ ನೋಡಿಕೊಂಡೆವು. ಶನಿವಾರವೂ ಅದೇ ಹೊತ್ತಿಗೆ ನಿಂತಳು, ತುಟಿ ಆಡಿತು, ದನಿ ಹೊರಡಲಿಲ್ಲ. ಭಾನುವಾರ ನಿಲ್ಲಲೇ ಇಲ್ಲ; ಶಾಲೆಯಿಲ್ಲವಲ್ಲ, ಯಾರು ಕೂಗುತ್ತಾರೆ. ಸೋಮವಾರ ತುಟಿಯೂ ಆಡಲಿಲ್ಲ, ಗದ್ದ ಮಾತ್ರ ಸ್ವಲ್ಪ ಮೇಲೆದ್ದು ಇಳಿಯಿತು, ಯಾರೋ ದೂರದಿಂದ ಕರೆದದ್ದು ಅರೆಬರೆ ಕೇಳಿಸಿದ ಹಾಗೆ.

ಅಂದು ಹನ್ನೊಂದರ ಬಸ್ಸಿಗೆ ನಾವು ಹೊರಡಬೇಕಿತ್ತು. ಚೀಲ ಕಟ್ಟಿಯಾಗಿತ್ತು. ಮಂಗಳೆ ಸೀರೆಯನ್ನು ಮೊಣಕಾಲಿಗೆತ್ತಿ ನೀರಿನಲ್ಲಿ ಕೂತಿದ್ದಳು, ಮಗಳು ಅವಳ ಬೆನ್ನಿಗೆ ನೀರು ಎರಚುತ್ತಿದ್ದಳು. ಮಂಗಳೆ ನಗುತ್ತಿದ್ದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಯಾರೂ ಕೇಳಲಿಲ್ಲ, ನಾನೇ ಹೇಳಿದೆ: "ಇನ್ನೊಂದಿನ ಇರೋಣ."

ಅವಳ ನಗು ನಿಂತಿತು. "ಹಾಜರಿ?"

"ಮೂರು ದಿನ ಅನ್ನೋದು ಯಾವ ಕಾಲದ ಮಾತೋ. ಗೌರಕ್ಕನ ಮಗ ಹನ್ನೊಂದು ದಿನ ಹೋಗಿದ್ದ. ಒಂದೇ ಒಂದು ದಿನಕ್ಕೆ ಏನಾಗ್ಬಿಡತ್ತೆ?"

ಅವಳು ಬೇಡ ಅನ್ನಲಿಲ್ಲ. ಅನ್ನಬಹುದಿತ್ತು ಎಂದು ಆಮೇಲೆ ಎಷ್ಟೋ ಸಲ ಅವಳೇ ಹೇಳಿಕೊಂಡು ಅತ್ತಿದ್ದಾಳೆ. ಆದರೆ ಮಾತು ನನ್ನದು.

ಮಂಗಳವಾರ ಬೆಳಗ್ಗೆ ಒಂಬತ್ತೂಮುಕ್ಕಾಲರಿಂದ ನಾನು ಕೈಗಡಿಯಾರ ನೋಡುತ್ತ ಮಗಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅವಳು ತನ್ನ ಚಪ್ಪಲಿಯೊಳಗೆ ಸೇರಿಕೊಂಡ ಏಡಿಯೊಂದನ್ನು ಕಡ್ಡಿಯಲ್ಲಿ ಎಬ್ಬಿಸುತ್ತಿದ್ದಳು. ಹತ್ತಾಯಿತು. ಹತ್ತೂ ಐದಾಯಿತು. ಹತ್ತೂ ಹತ್ತಾಯಿತು. ಅವಳು ನಿಲ್ಲಲಿಲ್ಲ, ಗದ್ದ ಎತ್ತಲಿಲ್ಲ, ಏಡಿಯ ಮೇಲಿನ ಕಣ್ಣು ತೆಗೆಯಲಿಲ್ಲ. ಭಾನುವಾರ ಇದ್ದ ಹಾಗೇ ಇದ್ದಳು. ಆದರೆ ಅಂದು ಭಾನುವಾರವಾಗಿರಲಿಲ್ಲ.

ನಾನು ಮೆಲ್ಲಗೆ "ವೇಣೀ" ಅಂದೆ. ಅವಳು ತಿರುಗಲಿಲ್ಲ. "ಪುಟ್ಟಾ" ಅಂದೆ. "ಏನಪ್ಪ?" ಎಂದು ತಿರುಗಿ ನಕ್ಕಳು.

ಬುಧವಾರ ಬಸ್ಸಿಳಿದವರೇ ಅವಳನ್ನು ಶಾಲೆಗೆ ಕರೆದುಕೊಂಡು ಹೋದೆವು. ಅವಳು ನಾಲ್ಕನೇ ಕ್ಲಾಸಿನ ಬಾಗಿಲವರೆಗೆ ಬಂದು ನಿಂತಳು. ಮೂರನೇ ಬೆಂಚಿನ ಗೋಡೆ ಬದಿ ಅವಳ ಜಾಗ. ಪಕ್ಕದ ಹುಡುಗಿ ಆ ಕಡೆಗೆ ಮೊಣಕೈ ತಾಗದ ಹಾಗೆ ಒತ್ತಿಕೊಂಡು ಕೂತಿದ್ದಳು. ಜವರಯ್ಯ ಮೇಷ್ಟ್ರು ತಲೆ ತಗ್ಗಿಸಿ ಹೆಸರು ಕೂಗಿದರು. "ನೀಲವೇಣಿ ಎಂ." ಅಂದಾಗ ಗೋಡೆ ಬದಿಯಿಂದ "ಹಾಜರ್ ಸಾರ್" ಎಂದು ನನ್ನ ಮಗಳ ದನಿ ಕೇಳಿಸಿತು. ನನ್ನ ಮಗಳು ನನ್ನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಭಯವಾದಂತೆ ಕಾಣಲಿಲ್ಲ. "ಅಪ್ಪ, ಅವಳ್ಯಾರು?" ಎಂದು ಕೇಳಿದಳು ಅಷ್ಟೆ.

ಮೇಷ್ಟ್ರು ಹೊರಗೆ ಬಂದರು. "ಜಾಗ ತುಂಬಿದೆ ಮಲ್ಲೇಶಿ. ಇನ್ನೊಂದು ಹೆಸರು ಯೋಚ್ನೆ ಮಾಡ್ಕೊಂಡು ಬಾ, ಹೊಸದಾಗಿ ಸೇರಿಸ್ಕೊಳ್ತೀನಿ. ಹೊಂದ್ಕೊಂಡು ಹೋಗ್ತಾರೆ ಮಕ್ಕಳು, ಹೊಂದಿಕೊಳ್ಳಕ್ಕಾಗ್ದೆ ಇರೋರು ನಾವು."

ಹೊಸ ಹೆಸರಿಗೆ ಮಂಗಳೆ ಒಪ್ಪಲಿಲ್ಲ. ನೀಲವೇಣಿ ಅವಳ ಸತ್ತುಹೋದ ಅಕ್ಕನ ಹೆಸರು. ಮನೆಯಲ್ಲಿ ಹಗಲೆಲ್ಲ ಆ ಹೆಸರು ಹಿಡಿದು ಕರೆದಳು. ಗದರಿಸಿ ಕರೆದಳು, ಮುದ್ದು ಮಾಡಿ ಕರೆದಳು, ಬೆನ್ನ ಹಿಂದೆ ನಿಂತು ಕರೆದಳು. ಮಗು ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ ಗುಂಡಿಯ ಡಬ್ಬಿ ಮುಂದಿಟ್ಟುಕೊಂಡು ಬಣ್ಣ ಬಣ್ಣ ಬೇರೆ ಮಾಡುತ್ತ ಕೂತಿರುತ್ತಿತ್ತು. ನಾಲ್ಕನೆಯ ದಿನವೋ ಐದನೆಯ ದಿನವೋ ಮಂಗಳೆ ತಡೆಯಲಾರದೆ ಶಾಲೆಯ ಹಿಂದಿನ ಕಿಟಕಿಗೆ ಹೋಗಿ, "ವೇಣೀ" ಅಂದಳಂತೆ. ಒಳಗಿನಿಂದ "ಏನಮ್ಮಾ?" ಎಂದು ಬಂತು.

ಅಂದಿನಿಂದ ಅವಳು ದಿನಾ ಹೋಗತೊಡಗಿದಳು. ಮೊದಲು ಬರಿಗೈಲಿ, ಆಮೇಲೆ ಊಟದ ಡಬ್ಬಿ ಹಿಡಿದು. ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಒಂದು ಅಗುಳೂ ಇಲ್ಲ, ಎಣ್ಣೆಯ ಜಿಡ್ಡೂ ಇಲ್ಲ. ಕಿಟಕಿಯ ಹತ್ತಿರ ಅವಳಿಗೆ ಕೂರಲು ಯಾರೋ ಒಂದು ಕಲ್ಲು ತಂದಿಟ್ಟರು. ಒಂದು ಮಧ್ಯಾಹ್ನ ನಾನು ಮನೆಗೆ ಹೋದಾಗ ಮೂರು ಗಂಟೆ. ಒಲೆ ತಣ್ಣಗಿತ್ತು. ಮಗು ಹಸಿದು, ಒಣ ಅವಲಕ್ಕಿ ಮುಕ್ಕುತ್ತ ಹೊಸಿಲ ಮೇಲೆ ಕೂತಿತ್ತು.

ಮಂಗಳೆ ಬಂದಾಗ ನಾನು ಕೂಗಾಡಿದೆ. "ಇಲ್ಲಿ ನಿನ್ ಹೊಟ್ಟೇಲಿ ಹುಟ್ಟಿದ್ದು ಉಪವಾಸ ಕೂತಿದೆ, ಅಲ್ಲಿ ಗೋಡೆಗೆ ಅನ್ನ ಹಾಕ್ತಿದೀಯಾ?"

ಅವಳು ಕೋಪಿಸಿಕೊಳ್ಳಲಿಲ್ಲ. ಮಗುವಿಗೆ ಅನ್ನ ಕಲಸುತ್ತ ಮೆತ್ತಗೆ ಹೇಳಿದಳು: "ನಾನು ಕರೆದ್ರೆ ಓ ಅನ್ನೋದು ಅದೊಂದೇ ಕಣ್ರೀ. ಬೆಳಗಿನ ಹೊತ್ತು ಚಳಿಯಂತೆ ಅದಕ್ಕೆ. ಮೈಮೇಲೆ ಏನೂ ಇಲ್ವಂತೆ. ಒಂದು ಯೂನಿಫಾರಂ ಹೊಲಿದು ಕೊಡಿ."

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಕೊರಳಿಗೆ ಟೇಪು ಹಾಕಿಕೊಂಡು ಹೋದೆ. ಬೈದು ಬರಬೇಕು, ನನ್ನ ಹೆಂಡತಿಯನ್ನು ಬಿಟ್ಟುಬಿಡು ಎಂದು ಕೇಳಬೇಕು ಎಂದುಕೊಂಡು ಹೋಗಿದ್ದೆ. ಜವರಯ್ಯನವರು ಬೀಗ ತೆಗೆದು, ನನ್ನ ಮುಖ ನೋಡದೆ, "ಗೇಟಿನ ಹತ್ರ ಇರ್ತೀನಿ" ಎಂದು ಹೋದರು. ಕೋಣೆಯಲ್ಲಿ ಸೀಮೆಸುಣ್ಣದ ವಾಸನೆ. ಬಿಸಿಲು ಬೋರ್ಡಿನ ಮೇಲಿತ್ತು. ಮೂರನೇ ಬೆಂಚಿನ ಗೋಡೆ ಬದಿ ಏನೂ ಇರಲಿಲ್ಲ.

ಇಪ್ಪತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಟೇಪು ಬಿಡಿಸಿತು. ಭುಜವಿರಬೇಕಾದ ಕಡೆ ಒಂದು ತುದಿ ಇಟ್ಟು ಇನ್ನೊಂದು ತುದಿಗೆ ಎಳೆದೆ. ಟೇಪು ಜೋಲಲಿಲ್ಲ. ಅಲ್ಲಿ ಏನೋ ಅದನ್ನು ತಡೆದು ನಿಲ್ಲಿಸಿತ್ತು. "ಭುಜ ಹನ್ನೊಂದು" ಎಂದು ನನ್ನ ಬಾಯಿಯೇ ಹೇಳಿತು. "ಕೈ ಎತ್ತು" ಅಂದೆ. ಟೇಪು ದುಂಡಗೆ ಸುತ್ತಿ ಬಂತು. "ಎದೆ ಇಪ್ಪತ್ನಾಲ್ಕು." ಹಳದಿ ಫ್ರಾಕಿಗೆ ತೆಗೆದ ಅಳತೆ, ನೂಲೆಳೆಯಷ್ಟೂ ವ್ಯತ್ಯಾಸವಿಲ್ಲ. ನೀರಿನ ಹೂಜಿಯ ಹತ್ತಿರ ಕೈ ಹಿಡಿದಂತೆ ನನ್ನ ಮುಂಗೈ ತಣ್ಣಗಾಗಿತ್ತು.

"ಅಪ್ಪಾ," ಅಂದಿತು ಅದು. "ಸಮುದ್ರ ಹೇಗಿತ್ತು?"

ನಾನು ಬೆಂಚಿನ ತುದಿಯಲ್ಲಿ ಕೂತೆ. "ದೊಡ್ಡದಾಗಿತ್ತು" ಅಂದೆ.

"ಅಷ್ಟೇನಾ?"

"ಮೊದಲು ಮೀನಿನ ವಾಸನೆ ಬಂತು. ಆಮೇಲೆ ತೆಂಗಿನ ಮರದ ಸಂದೀಲಿ ಬಿಳೀ ಗೆರೆ. ಅವಳು ಬಾಯಿ ತೆರೆದೋಳು..." ಎಂದು ಹೇಳುವಷ್ಟರಲ್ಲಿ ಆ ಕಡೆಯಿಂದ ಉಸಿರು ನಿಂತ ಹಾಗಾಯಿತು. ‘ಅವಳು’ ಎಂಬ ಮಾತು ಅದಕ್ಕೆ ಚುಚ್ಚಿತ್ತು. ಮಕ್ಕಳನ್ನು ನಾನು ಬಲ್ಲೆ; ಬಿಟ್ಟು ಹೋದದ್ದಕ್ಕಿಂತ ಹೋಗಿ ಬಂದ ಕಥೆ ಕೇಳುವಾಗ ಅವು ಹೆಚ್ಚು ನೋಯುತ್ತವೆ. ನನಗೆ ಏನನ್ನಿಸಿತೋ, ತಿದ್ದಿಕೊಂಡೆ. "ನೀನು ಬಾಯಿ ತೆರೆದೋಳು ಮುಚ್ಚಲೇ ಇಲ್ಲ" ಅಂದೆ.

"ಹೂಂ" ಅಂದಿತು.

ಹಾಗೇ ಎಲ್ಲವನ್ನೂ ಹೇಳಿದೆ. ನೀನು ಗಂಜಿ ಕುಡಿದೆ, ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಬಾಳೆಹಣ್ಣು ನುಂಗಿದೆ, ನಿನ್ನ ಚಪ್ಪಲಿಯಲ್ಲಿ ಏಡಿ ಕೂತಿತ್ತು, ನಿನ್ನಮ್ಮನ ಬೆನ್ನಿಗೆ ನೀರು ಎರಚಿದೆ. "ಅಂಚಲ್ಲಿ ನಿಂತ್ರೆ ಕಾಲಡಿ ಮರಳು ಸರಿಯತ್ತೆ ಮಗಾ, ಭೂಮಿನೇ ಹೋದಂಗಾಗತ್ತೆ."

"ನನಗೆ ಹೆದರಿಕೆ ಆಗ್ಲಿಲ್ವಾ?"

"ಆಯ್ತು. ನನ್ ಕಿರುಬೆರಳು ಹಿಡ್ಕೊಂಡೆ. ಆಮೇಲೆ ಆಗ್ಲಿಲ್ಲ."

ಆಮೇಲೆ, "ಮಂಗಳವಾರ ಬರ್ತೀರ ಅಂತ ಕಾಯ್ತಿದ್ದೆ" ಅಂದಿತು. ದೂರಿನ ದನಿಯಲ್ಲ, ಸುಮ್ಮನೆ ಹೇಳಿದ ಹಾಗೆ.

"ತಪ್ಪಾಯ್ತು ಮಗಾ" ಅಂದೆ. ನನ್ನ ಕೈಯಲ್ಲಿದ್ದ ಟೇಪು ಜೋಲಿ ಬೆಂಚಿನ ಮೇಲೆ ಬಿತ್ತು.

ಮನೆಗೆ ಬಂದಾಗ ಮಂಗಳೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗು ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಮಂಗಳೆ ಯಾವುದೋ ಗುಂಗಿನಲ್ಲಿ, "ವೇಣೀ, ಸೋಪು ತಾರೇ" ಎಂದು ಕೂಗಿದಳು. ಕೂಗಿ ನಾಲಗೆ ಕಚ್ಚಿಕೊಂಡಳು. ಚಾಪೆಯ ಮೇಲಿಂದ ಮಗು ಎದ್ದು ಕೂತು, ಕಣ್ಣುಜ್ಜಿಕೊಂಡು, "ಬಂದೆ ಅಮ್ಮಾ" ಅಂದಿತು. ಮಂಗಳೆ ನೊರೆಗೈಯಲ್ಲೇ ಓಡಿಬಂದು ಅವಳನ್ನು ತಬ್ಬಿಕೊಂಡು, ನೂರು ಸಲ ಆ ಹೆಸರು ಕರೆದಳು. ನೂರು ಸಲವೂ ಅವಳು ಓ ಅಂದಳು.

ಸೋಮವಾರ ವೇಣಿ ತನ್ನ ಜಾಗಕ್ಕೆ ನೇರವಾಗಿ ಹೋಗಿ ಕೂತಳು. ಹೆಸರು ಕೂಗಿದಾಗ ಒಂದೇ ಉತ್ತರ ಬಂತು. ಜವರಯ್ಯ ಮೇಷ್ಟ್ರು ಹಾಜರಿಯ ಹೊತ್ತಿನಲ್ಲಿ ತಲೆ ಎತ್ತಿ ನೋಡಿದ್ದನ್ನು ಊರು ಅಂದೇ ಮೊದಲು ಕಂಡಿದ್ದು. ಗೌರಕ್ಕ ಒಂದು ಮೊಳ ಮಲ್ಲಿಗೆ ತಂದು ವೇಣಿಗೆ ಮುಡಿಸಿ, ನನ್ನ ಕಡೆ ತಿರುಗಿ, "ಏನು ಮಾಡ್ದೆಪ್ಪ?" ಎಂದು ಕೇಳಿದಳು. ಏನೂ ಇಲ್ಲ ಅಂದೆ. ಆ ಮಧ್ಯಾಹ್ನದ ಮಾತನ್ನು ನಾನು ಅವಳಿಗಾಗಲಿ ಮಂಗಳೆಗಾಗಲಿ ಹೇಳಲಿಲ್ಲ. ಅಳತೆ ತೆಗೆಯಲು ಹೋದೆ, ಏನೂ ಸಿಗಲಿಲ್ಲ, ಬಂದುಬಿಟ್ಟೆ ಎಂದಷ್ಟೇ ಹೇಳಿದ್ದೆ.

ವಾರ ಕಳೆದ ಮೇಲೆ ಗೊತ್ತಾಯಿತು. ಮಂಗಳೆ ಕಡಲಿನಿಂದ ತಂದ ಕಪ್ಪೆಚಿಪ್ಪುಗಳನ್ನು ತೊಳೆದು ಮೊರದಲ್ಲಿ ಹರಡಿದ್ದಳು. ವೇಣಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದೆಲ್ಲಿಂದ ಬಂತಮ್ಮ? ಯಾರು ಕೊಟ್ರು?" ಎಂದಳು. ಅವಳಿಗೆ ಕಡಲಿನ ನೆನಪೇ ಇರಲಿಲ್ಲ. ಬಸ್ಸು ಇಲ್ಲ, ದೋಣಿಯವನ ಮನೆ ಇಲ್ಲ, ಏಡಿ ಇಲ್ಲ. ಆ ದಿನಗಳಲ್ಲಿ ಎಲ್ಲಿದ್ದೆ ಎಂದು ಕೇಳಿದರೆ ಸ್ಕೂಲಿಗೆ ಹೋಗಿದ್ದೆ ಅನ್ನುತ್ತಿದ್ದಳು. ಬಿಸಿಲಿಗೆ ಸುಟ್ಟ ಮೂಗಿನ ಚರ್ಮ ಮಾತ್ರ ಇನ್ನೂ ಸುಲಿಯುತ್ತಿತ್ತು. ಮಂಗಳೆ ಆ ಚಿಪ್ಪನ್ನು ಮತ್ತೆ ಮೊರಕ್ಕೆ ಹಾಕಿ, "ಹೋಗ್ಲಿ ಬಿಡಿ. ಮಗಳು ಸಿಕ್ಕಳಲ್ಲ. ಸಮುದ್ರ ಎಲ್ಲಿ ಹೋಗತ್ತೆ? ಇನ್ನೊಂದ್ಸಲ ತೋರಿಸಿದ್ರಾಯ್ತು" ಅಂದಳು.

ಆ ಮೇ ತಿಂಗಳಲ್ಲಿ ನಾನು ಅಂಗಡಿಗೆ ಬಾಗಿಲು ಹಾಕಿದೆ. ಬಟ್ಟೆ ಕೊಟ್ಟವರು ಬಂದು ಬಡಿದು, ಬೈದು ಹೋದರಂತೆ. ಜೂನಿನಲ್ಲಿ ಅರ್ಧ ಊರಿನ ಮಕ್ಕಳು ಮೋಟಾದ ಹಳೆಯ ಬಟ್ಟೆಯಲ್ಲೇ ಶಾಲೆಗೆ ಹೋದವು. ಅದೇ ಬಸ್ಸು, ಅದೇ ತಿರುವು, ಅದೇ ಮನೆ. ದೋಣಿಯವನ ಹೆಂಡತಿ ವೇಣಿಯ ಗಲ್ಲ ಹಿಡಿದು, "ಮತ್ತೆ ಬಂದ್ಯಾ?" ಅಂದಾಗ ಅವಳು ನಾಚಿಕೊಂಡು ಅಮ್ಮನ ಸೆರಗಿನ ಹಿಂದೆ ಸರಿದಳು.

ಬೆಳಗಿನ ಬಿಸಿಲಿತ್ತು. ಮಂಗಳೆ ಆಗಲೇ ಸೀರೆ ಎತ್ತಿಕೊಂಡು ನೀರಿಗಿಳಿದಿದ್ದಳು. ವೇಣಿ ಒದ್ದೆ ಮರಳು ಶುರುವಾಗುವ ಕಡೆ ನಿಂತಳು. ಅಲೆ ಇನ್ನೂ ಅವಳ ಕಾಲು ಮುಟ್ಟಿರಲಿಲ್ಲ. ಕಡಲಿನ ಮೇಲಿನ ಕಣ್ಣು ತೆಗೆಯದೆ ನನ್ನ ಕಡೆಗೆ ಕೈ ಚಾಚಿ, "ಅಪ್ಪಾ, ಕಿರುಬೆರಳು ಕೊಡು" ಅಂದಳು.

"ಯಾಕೆ ಮಗಾ?"

"ಇಲ್ಲಿ ನಿಂತ್ರೆ ಕಾಲಡಿ ಮರಳು ಸರಿಯತ್ತಲ್ಲ. ಭೂಮಿನೇ ಹೋದಂಗಾಗತ್ತಲ್ಲ. ನೀನೇ ಹೇಳಿದ್ಯಲ್ಲಪ್ಪ ಆವತ್ತು, ಸ್ಕೂಲಲ್ಲಿ."

ಆ ಮಾತನ್ನು ನಾನು ನನ್ನ ಮಗಳಿಗೆ ಹೇಳಿರಲಿಲ್ಲ. ಮೂರನೇ ಬೆಂಚಿಗೆ ಹೇಳಿದ್ದೆ. ಯಾರಿಗೆ ಹೇಳಿದ್ದೆನೋ ಅವಳು ನನ್ನ ಪಕ್ಕದಲ್ಲಿ ಹಳದಿ ಫ್ರಾಕು ತೊಟ್ಟು ನಿಂತಿದ್ದಳು. ಐದು ದಿನ ಈ ನೀರಿನಲ್ಲಿ ಆಡಿದವಳು, ಏಡಿಯನ್ನು ಕಡ್ಡಿಯಲ್ಲಿ ಎಬ್ಬಿಸಿದವಳು, ಪುಟ್ಟಾ ಎಂದರೆ ತಿರುಗಿ ನಕ್ಕವಳು ಎಲ್ಲಿ ಹೋದಳು ಎಂದು ನಾನು ಒಂದು ಮಾತೂ ಕೇಳಿರಲಿಲ್ಲ. ಅವಳು ಆ ಗೋಡೆ ಬದಿಯಲ್ಲೇ ಉಳಿದಿದ್ದರೆ? ಊರಿನ ಶಾಲೆಗೆ ರಜೆ. ಬಾಗಿಲಿಗೆ ಬೀಗ. ಹೆಸರಿಲ್ಲದ ಮಗುವನ್ನು ಅಲ್ಲಿ ಯಾರು ಕೂಗುತ್ತಾರೆ?

"ಏನ್ರೀ, ಅಲ್ಲೇ ನಿಂತ್ಬಿಟ್ರಿ?" ಎಂದು ಮಂಗಳೆ ನೀರಿನಿಂದ ಕೂಗಿದಳು. "ವೇಣೀ, ಬಾರೇ!"

"ಬಂದೆ ಅಮ್ಮಾ," ಎಂದು ಮಗು ಕೂಗಿ, ನನ್ನ ಕಡೆಗೆ ಕತ್ತೆತ್ತಿ ನೋಡಿತು. ಕಣ್ಣಿನಲ್ಲಿ ಹೆದರಿಕೆಯಿತ್ತು, ಮೊದಲ ಸಲ ಕಡಲು ಕಂಡ ಯಾವ ಮಗುವಿಗೂ ಇರುವಷ್ಟೇ. ನಾನು ಕಿರುಬೆರಳು ಕೊಟ್ಟೆ. ಅವಳು ಬಿಗಿಯಾಗಿ ಹಿಡಿದುಕೊಂಡಳು. ಕೈ ಬೆಚ್ಚಗಿತ್ತು.